ಸಹಿ ಹಾಕು, ತಂಗಿ

ಹೋದ ಸಂಚಿಕೆಯಲ್ಲಿ ನಿಮ್ಮ ಆಫೀಸಿನ ಕಷ್ಟ-ಸುಖ ಬರೆಯಿರಿ ಅಂತ ಕೇಳಿದ್ದೆ. ಅತ್ತೆ-ಸೊಸೆ ಪತ್ರಗಳಿಂದ ನನಗೊಂದಿಷ್ಟು ಬಿಡುವು ಸಿಗಲಿ ಅನ್ನೋ ಸ್ವಾರ್ಥವೂ ಇತ್ತು. ಬಂದ ಪತ್ರಗಳಲ್ಲಿ ಬಹಳಷ್ಟರದು ಒಂದೇ ಗೋಳು: "ನಂದು ಮಾತು ಕಡಿಮೆ, ಅದಕ್ಕೇ ಹಿಂದೆ ಬಿದ್ದೆ." ಮಾತು ಕಡಿಮೆ ಅನ್ನೋರು ಪತ್ರ ಮಾತ್ರ ಉದ್ದುದ್ದ ಬರೆಯುತ್ತಾರೆ, ಗಮನಿಸಿದ್ದೀರಾ? ಒಂದು ಪತ್ರ ಹನ್ನೊಂದು ಪುಟ ಇತ್ತು. ನಾಲ್ಕು ಪತ್ರ ಆರಿಸಿ, ಕತ್ತರಿಸಿ ಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕಾ, ನನಗೆ 28 ವರ್ಷ. ದಿನಾ ಧಾರವಾಡದಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ಹೊಸೂರಿನಲ್ಲಿ ಇಳಿದು ಗೋಕುಲ ರೋಡಿಗೆ ಹೋಗುತ್ತೇನೆ. ಅಲ್ಲಿ ವಾಲ್ವ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಐದು ವರ್ಷ ಆಯ್ತು. ಜನವರಿಯಲ್ಲಿ ಹೈಡ್ರೋ ಟೆಸ್ಟ್ ಮಾಡುವಾಗ ವಾಲ್ವ್ ಬಾಡಿಗಳು ಸೋರಲು ಶುರುವಾದವು. ಟೆಸ್ಟ್ ಬೆಂಚಿನ ಸೀಲ್ ಸರಿ ಇಲ್ಲ ಅಂತ ಎಲ್ಲರೂ ಅದರ ಹಿಂದೆ ಬಿದ್ದರು. ನಾನು ಎರಡು ದಿನ ಕೂತು, ಸೋರಿದ ಬಾಡಿಗಳ ಹೀಟ್ ನಂಬರ್, ಅಂದರೆ ಎರಕದ ಗುರುತಿನ ನಂಬರ್, ಬರೆದುಕೊಂಡೆ. 19ರಲ್ಲಿ 17 ಬಾಡಿ ಎರಡೇ ಹೀಟ್‌ಗೆ ಸೇರಿದ್ದವು. ಪಕ್ಕದ ಟೇಬಲ್ಲಿನವನಿಗೆ ಹೇಳಿದೆ. ಸೋಮವಾರದ ಮೀಟಿಂಗಿನಲ್ಲಿ ಅವನು ಅದನ್ನು ತಾನೇ ಹೇಳಿಬಿಟ್ಟ. ಎಲ್ಲರೂ ಅವನ ಬೆನ್ನು ತಟ್ಟಿದರು. ನಾನು ನೀರು ಕುಡಿದೆ. ಏಪ್ರಿಲ್‌ನಲ್ಲಿ ಅಪ್ರೈಸಲ್. "ಕೆಲಸ ಚೊಲೋ ಐತಿ, ಆದ್ರ ನೀವು ಎಲ್ಲೂ ಕಾಣ್ಸೂದೇ ಇಲ್ಲ, ವಿಸಿಬಿಲಿಟಿ ಬೇಕು" ಅಂದರು ಮ್ಯಾನೇಜರ್. ಮನೆಯಲ್ಲಿ "ಮುಂದ ಬಿದ್ದು ಮಾತಾಡು" ಅಂತಾರೆ. ಒಂದೆರಡು ಸಲ ಹಾಗೂ ಮಾಡಿದೆ. ಸಂಜೆ ಮನೆಗೆ ಬಂದರೆ ತಲೆ ಸಿಡಿಯುತ್ತದೆ, ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ. ನಾನು ಬದಲಾಗಲೇಬೇಕಾ?
— ಹೆಸರು ಬೇಡ, ಧಾರವಾಡ

ಉತ್ತರ: ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. "ನಾನು ನೀರು ಕುಡಿದೆ" ಅನ್ನೋ ಕಡೆ ಎರಡೂ ಸಲ ನಿಂತೆ. ಆ ನೀರು ನಾನೂ ಕುಡಿದವಳೇ.

1987. ಗದಗಿನ ಒಂದು ಬ್ಯಾಂಕ್ ಶಾಖೆ. ನಾನು ಗುಮಾಸ್ತೆ, ಕೆಲಸಕ್ಕೆ ಸೇರಿ ಎರಡು ವರ್ಷ. ಕಂಪ್ಯೂಟರ್ ಇಲ್ಲದ ಕಾಲ. ಎತ್ತಿದರೆ ಕೈ ನೋಯುವಂಥ ಲೆಡ್ಜರುಗಳು. ಉಳಿತಾಯ ಖಾತೆಗಳ ಬಾಕಿಯನ್ನೆಲ್ಲ ಪಟ್ಟಿ ಮಾಡಿ ಕೂಡಿಸಿದರೆ ಅದು ಜನರಲ್ ಲೆಡ್ಜರಿನ ಮೊತ್ತಕ್ಕೆ ಸರಿಹೊಂದಬೇಕು. ಆ ತಿಂಗಳು ಹೊಂದಲಿಲ್ಲ. 63 ರೂಪಾಯಿ ವ್ಯತ್ಯಾಸ. ಮೂವರು ನಾಲ್ಕು ದಿನ ಹುಡುಕಿದರು. ಇನ್‌ಸ್ಪೆಕ್ಷನ್ ಬೇರೆ ತಲೆಮೇಲಿತ್ತು.

ನಾನು ಸಂಜೆ ಎಲ್ಲರೂ ಹೋದ ಮೇಲೆ ಕೂತೆ. ಪಕ್ಕ ಪಕ್ಕದ ಎರಡು ಅಂಕಿ ಅದಲು ಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಒಂಬತ್ತೇಳ್ಲೆ ಅರವತ್ತಮೂರು. ಅಂದರೆ ಅದಲು ಬದಲಾದ ಅಂಕಿಗಳ ನಡುವೆ 7ರ ಅಂತರ ಇರಬೇಕು. 07, 18, 29, ಇಲ್ಲವೇ ಅವೇ ತಿರುವುಮುರುವಾಗಿ. ಹೀಗಾಗಿ ಪೂರ್ತಿ ಮೊತ್ತ ಓದೋ ಗೋಜಿಗೇ ಹೋಗಲಿಲ್ಲ. ಪಟ್ಟಿಯ ಕೊನೆಯ ಎರಡು ಅಂಕಿಗಳ ಮೇಲೆ ಬೆರಳಿಟ್ಟು ಕೆಳಗೆ ಇಳಿಸುತ್ತ ಬಂದೆ. ಈ ಆರು ಜೋಡಿ ಸಿಕ್ಕಲ್ಲಿ ಮಾತ್ರ ಲೆಡ್ಜರ್ ತೆಗೆದು ನೋಡಿದೆ. ಅರ್ಧ ಗಂಟೆ ಹಿಡಿಯಲಿಲ್ಲ. 4,581 ಇರಬೇಕಾದ ಕಡೆ 4,518 ಅಂತ ಇಳಿದಿತ್ತು.

ಆಮೇಲೆ ನಾನು ಮಾಡಿದ ದಡ್ಡತನ ಕೇಳು. ಹಳೆ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಖಾತೆ ನಂಬರ್ ಬರೆದು, ಅಧಿಕಾರಿಯ ಟೇಬಲ್ಲಿನ ಗಾಜಿನ ಕೆಳಗೆ ಸಿಕ್ಕಿಸಿ ಮನೆಗೆ ಹೋದೆ. ಹೆಸರಿಲ್ಲ, ತಾರೀಖಿಲ್ಲ. ಮರುದಿನ ಮ್ಯಾನೇಜರು ಇನ್‌ಸ್ಪೆಕ್ಷನ್‌ಗೆ ಬಂದವರ ಮುಂದೆ ಆ ಅಧಿಕಾರಿಯನ್ನು ಹೊಗಳಿದ್ದೇ ಹೊಗಳಿದ್ದು. ಅವರು ಮುಗುಳ್ನಕ್ಕರು. ನಾನು ಹೂಜಿಯ ಹತ್ತಿರ ಹೋದೆ.

ನಮ್ಮ ಹೆಡ್ ಕ್ಯಾಶಿಯರ್ ಒಬ್ಬರಿಗೆ ಮಾತ್ರ ನಡೆದದ್ದು ಗೊತ್ತಾಗಿತ್ತು, ಯಾಕೆಂದರೆ ಅವತ್ತು ಅವರೂ ತಡವಾಗಿ ಹೊರಟಿದ್ದರು. ಮಧ್ಯಾಹ್ನ ಗಿರ್ಮಿಟ್ ತಿನ್ನುತ್ತ ಕೇಳಿದರು: "ಬ್ಯಾಲೆನ್ಸಿಂಗ್ ಬುಕ್ಕಿನ್ಯಾಗ ಯಾಕ ಬರೀಲಿಲ್ಲ ತಂಗಿ?" ನಾನಂದೆ, "ಹೆಸರು ಮಾಡ್ಕೊಳ್ಳೂದು ನನಗ ಸೇರೂದಿಲ್ರೀ." ಅವರು ಒಂದು ಮೆಣಸಿನಕಾಯಿ ಬಜಿ ಮುಗಿಸಿ ಹೇಳಿದರು: "ಹೆಸರು ಯಾರಿಗೆ ಬೇಕಾಗೇತಿ? ನಾಳೆ ಇದು ತಪ್ಪಂತ ಬಂದ್ರ ಯಾರನ್ನ ಕೇಳ್ಬೇಕು? ಸಹಿ ಹಾಕು."

ನಿನ್ನ ಕಾರ್ಖಾನೆಯಲ್ಲೂ ಇದೇ ಲೆಕ್ಕ. ಬೇರೆ ಓದುಗರಿಗೂ ಗೊತ್ತಾಗಲಿ ಅಂತ ಹೇಳುತ್ತೇನೆ. ಫೌಂಡ್ರಿಯಲ್ಲಿ ಒಂದು ಸಲ ಕರಗಿಸಿದ ಲೋಹಕ್ಕೆ ಒಂದು ನಂಬರ್ ಕೊಡುತ್ತಾರೆ. ಅದರಿಂದ ಎರಕ ಹೊಯ್ದ ಎಲ್ಲ ಭಾಗಗಳ ಮೇಲೂ ಅದೇ ನಂಬರ್ ಇರುತ್ತದೆ. ಅದೇ ಹೀಟ್ ನಂಬರ್. ಹೈಡ್ರೋ ಟೆಸ್ಟ್ ಅಂದರೆ ಬಾಡಿಯಲ್ಲಿ ನೀರು ತುಂಬಿ, ಅದಕ್ಕೆ ಗೊತ್ತುಮಾಡಿದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ನೋಡೋದು. ಸೋರಿದರೆ ಹೀಟ್ ನಂಬರ್ ಹಿಡಿದು ಮೂಲಕ್ಕೆ ಹೋಗಬಹುದು. ಆ ನಂಬರ್ ಇದ್ದದ್ದಕ್ಕೇ ಅಲ್ವಾ ನಿನಗೆ 17 ಬಾಡಿಗಳ ಗುಟ್ಟು ಸಿಕ್ಕಿದ್ದು? ಕಬ್ಬಿಣದ ತುಂಡಿಗೂ ಹೀಟ್ ನಂಬರ್ ಇತ್ತು. ನಿನ್ನ ಪಟ್ಟಿಗೆ ಇರಲಿಲ್ಲ.

ಹಾಗಾಗಿ ನೀನು ಬದಲಾಗೋದು ಬೇಡ, ನಿನ್ನ ಪಟ್ಟಿ ಬದಲಾಗಲಿ. ಇಂಥದ್ದು ಸಿಕ್ಕ ದಿನವೇ, ಪಕ್ಕದ ಟೇಬಲ್ಲಿಗೆ ಹೇಳೋ ಮೊದಲು, ಮ್ಯಾನೇಜರಿಗೆ ಒಂದು ಮೇಲ್ ಹಾಕು. ಹೀಗೆ: "ಸರ್, ಈ ವಾರ ಸೋರಿದ 19 ಬಾಡಿಗಳ ಹೀಟ್ ನಂಬರ್ ನೋಡಿದೆ. 17 ಬಾಡಿ ಎರಡೇ ಹೀಟ್‌ನವು. ಪಟ್ಟಿ ಜೊತೆಗಿದೆ. ಆ ಹೀಟ್‌ನ ಉಳಿದ ಬಾಡಿಗಳನ್ನು ಸದ್ಯ ಬದಿಗಿಟ್ಟರೆ ಒಳ್ಳೆಯದು. ಸೋಮವಾರದ ಮೀಟಿಂಗಿನಲ್ಲಿ ಎರಡು ನಿಮಿಷ ಹೇಳುತ್ತೇನೆ." ಇದರಲ್ಲಿ ಜಂಬ ಎಲ್ಲಿದೆ ತೋರಿಸು. ಕೊನೆಯ ಸಾಲು ಮಾತ್ರ ಬಿಡಬೇಡ. ಸೋಮವಾರ ನೀನು ಕೈ ಎತ್ತಬೇಕಾಗಿಲ್ಲ, ಅವರೇ ನಿನ್ನನ್ನು ಕರೆಯುತ್ತಾರೆ. ಬಾವಿಗೆ ಇಳಿಯೋ ಮೊದಲೇ ಹಗ್ಗ ಕಟ್ಟಿಕೊಂಡ ಹಾಗೆ.

ಆ ಪಕ್ಕದ ಟೇಬಲ್ಲಿನವನನ್ನು ಕಳ್ಳ ಅನ್ನೋಕೆ ನಾನು ತಯಾರಿಲ್ಲ. ಕೆಲವರು ಕೇಳಿದ್ದನ್ನೆಲ್ಲ ತಮ್ಮದೇ ಅಂದುಕೊಂಡು ಹೇಳುತ್ತಾರೆ, ಅದರಲ್ಲಿ ಕಪಟ ಇರೋದಿಲ್ಲ. ಇನ್ನೊಮ್ಮೆ ಹಾಗಾದರೆ ಜಗಳ ಬೇಡ. ಅವನ ಮಾತು ಮುಗಿದ ಕೂಡಲೆ, "ಹೌದು, ಅದು ನಾನು ತೆಗೆದ ಪಟ್ಟಿ. ಅದರಲ್ಲಿ ಉಳಿದ ಎರಡು ಬಾಡಿಗಳ ಕಥೆ ಬೇರೆ" ಅಂತ ಹೇಳಿ ಆ ಕಥೆ ಮುಂದುವರಿಸು. 17ರ ವಿಷಯ ಅವನಿಗೆ ಗೊತ್ತು. ಉಳಿದ ಎರಡರ ವಿಷಯ ಕೂತು ನೋಡಿದವಳಿಗಷ್ಟೇ ಗೊತ್ತು.

ಮೀಟಿಂಗಿನಲ್ಲಿ ಸಾಲಾಗಿ ಒಬ್ಬೊಬ್ಬರೇ ಮಾತಾಡೋ ಪದ್ಧತಿ ಇದ್ದರೆ ಮೊದಲ ಅಥವಾ ಎರಡನೆಯ ಸರದಿ ಕೇಳಿ ತಗೋ. ಅಂಜುವವರು ಕೊನೆಗೆ ಕೂರುತ್ತಾರೆ, ಅದು ಜಾಸ್ತಿ ಕಷ್ಟ. 1973ರಲ್ಲಿ ಮಾಲ್ಕಮ್ ಬ್ರೆನ್ನರ್ ಅನ್ನೋ ಮನಶ್ಶಾಸ್ತ್ರಜ್ಞ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಜನರನ್ನು ಸುತ್ತ ಕೂರಿಸಿ ಸರದಿಯಂತೆ ಓದಿಸಿದರೆ, ತಮ್ಮ ಸರದಿಗೆ ಸ್ವಲ್ಪ ಮುಂಚೆ ಬೇರೆಯವರು ಓದಿದ್ದು ನೆನಪಿಗೇ ಉಳಿಯೋದಿಲ್ಲವಂತೆ. ತಲೆಯೆಲ್ಲ ತನ್ನ ಸರದಿಯ ಮೇಲೇ ಇರುತ್ತದಲ್ಲ! ನಿನ್ನ ಎರಡು ನಿಮಿಷ ಮೊದಲೇ ಮುಗಿಸಿದರೆ ಉಳಿದ ಮುಕ್ಕಾಲು ಗಂಟೆ ಆರಾಮಾಗಿ ಕೇಳಿಸಿಕೊಳ್ಳಬಹುದು. ಕೇಳಿಸಿಕೊಳ್ಳೋದರಲ್ಲಿ ನೀನು ಜಾಣೆ ಅಂತ ನಿನ್ನ ಪತ್ರವೇ ಹೇಳುತ್ತದೆ.

ಇನ್ನು ನಿನ್ನ ಮ್ಯಾನೇಜರು. ಐದು ವರ್ಷ ಒಂದೇ ಸೂರಿನ ಕೆಳಗೆ ಕೆಲಸ ಮಾಡಿದವಳು ಕಾಣಲಿಲ್ಲ ಅಂದರೆ ಕಣ್ಣು ಯಾರದು ತೋರಿಸಬೇಕೋ! ಇರಲಿ. ವಿಸಿಬಿಲಿಟಿ ಅನ್ನೋದು ಹವಾಮಾನ ಇಲಾಖೆಯ ಮಾತು. ಅದನ್ನು ಕೇಳಿ ಸುಮ್ನೆ ತಲೆ ಆಡಿಸಿ ಬರಬೇಡ. "ಯಾರಿಗೆ ಕಾಣಬೇಕು ಸರ್? ಎಲ್ಲಿ?" ಅಂತ ಕೇಳು. ಪ್ಲಾಂಟ್ ಹೆಡ್‌ಗೋ, ಗಿರಾಕಿಗಳ ಕಡೆಯಿಂದ ಇನ್‌ಸ್ಪೆಕ್ಷನ್‌ಗೆ ಬರುವವರಿಗೋ, ಸೋಮವಾರದ ಮೀಟಿಂಗಿನಲ್ಲೋ? ಒಂದು ಜಾಗ ಗೊತ್ತಾದರೆ ಅಲ್ಲಿಗಷ್ಟೇ ತಯಾರಿ ಸಾಕು. ಹುಟ್ಟುಹಬ್ಬ, ಟ್ರಿಪ್ಪು, ಅಂತ್ಯಾಕ್ಷರಿ ಎಲ್ಲದರಲ್ಲೂ ಮುಂದೆ ನಿಲ್ಲೋದು ಅದರಲ್ಲಿ ಬರೋದಿಲ್ಲ.

ಶುಕ್ರವಾರ ಸಂಜೆ ಚಿಗರಿಯಲ್ಲಿ ಕಿಟಕಿ ಸೀಟು ಸಿಕ್ಕರೆ ಫೋನಿನಲ್ಲಿ ಮೂರು ಸಾಲು ಬರೆದಿಡು. ಈ ವಾರ ಏನು ನೋಡಿದೆ, ಎಷ್ಟು, ಅದರಿಂದ ಏನು ಉಳಿಯಿತು. ಉಣಕಲ್ ಕೆರೆ ಬರೋದರೊಳಗೆ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಅಪ್ರೈಸಲ್ಲಿಗೆ ಕೂತಾಗ ಜನವರಿಯದು ಯಾರಿಗೂ ನೆನಪಿರೋದಿಲ್ಲ, ನಿನಗೂ ಇರೋದಿಲ್ಲ.

ತಲೆ ಸಿಡಿಯೋ ವಿಷಯ. ಅಂತರ್ಮುಖಿ, ಬಹಿರ್ಮುಖಿ ಅಂತ ಈಗ ನಾವು ಆಡೋ ಮಾತು ಹರಡಿದ್ದು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಆ ಬಗ್ಗೆ ಬರೆದ ಮೇಲೆ. ಅದು ಕಾಯಿಲೆಯ ಹೆಸರಲ್ಲ. ಜನರ ನಡುವೆ ಇದ್ದು ಬಂದ ಮೇಲೆ ನಿನಗೆ ಒಂದಿಷ್ಟು ಹೊತ್ತು ಒಬ್ಬಳೇ ಇರಬೇಕು ಅನ್ನಿಸುತ್ತದೆ, ಅಷ್ಟೇ. ಮೀಟಿಂಗ್ ಇದ್ದ ದಿನ ಕ್ಯಾಂಟೀನಿನ ಗದ್ದಲ ತಪ್ಪಿಸಿ ಹತ್ತು ನಿಮಿಷ ಟೆಸ್ಟ್ ಬೆಂಚಿನ ಹತ್ತಿರ ನಿಲ್ಲು. ಮನೆಯವರಿಗೂ ಹೇಳಿಬಿಡು, "ಸೋಮವಾರ ಸಂಜೆ ಚಹಾ ಕುಡಿಯೋತನಕ ನನ್ನನ್ನ ಮಾತಾಡಿಸಬ್ಯಾಡ್ರಿ" ಅಂತ.

ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಅದಕ್ಕೂ ನನ್ನದೊಂದು ತಕರಾರಿದೆ. ಬ್ಯಾಂಕಿನಲ್ಲಿ ಬಂಗಾರದ ಮೇಲೆ ಸಾಲ ಕೊಟ್ಟವಳು ನಾನು. ಗಂಟಿನಲ್ಲಿ ಬಂಗಾರ ಇದೆ ಅಂದರೆ ಸಾಲ ಸಿಗುತ್ತಿರಲಿಲ್ಲ. ಗಂಟು ಬಿಚ್ಚಬೇಕು, ಒರೆಗಲ್ಲಿಗೆ ಉಜ್ಜಬೇಕು, ತೂಗಬೇಕು, ಚೀಟಿ ಬರೆಯಬೇಕು.

ಪ್ರಶ್ನೆ: ಅಕ್ಕಾವ್ರೆ, ನಾನು ಗದಗ ತಾಲೂಕಿನ ಒಂದು ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಆಗಲು ಬಿಡುವವನಲ್ಲ. ಆದರೆ ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಸಾಮಾನ್ಯ ಸಭೆ ಬಂತೆಂದರೆ ಜೀವ ಹೋಗುತ್ತದೆ. ಇನ್ನೂರು ಮುನ್ನೂರು ಜನರ ಮುಂದೆ ವರದಿ ಓದಬೇಕು. ಕೈಯಲ್ಲಿನ ಹಾಳೆ ಪಟಪಟ ಅಂತ ನಡುಗುತ್ತದೆ. ಎಲ್ಲರೂ ಅದನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ.
— ಒಬ್ಬ ಕಾರ್ಯದರ್ಶಿ, ಗದಗ

ಉತ್ತರ: ಮೊದಲು ಹಾಳೆಯ ವಿಷಯ, ಅದು ಸುಲಭ. ಹಾಳೆ ತೆಳ್ಳಗಿರುತ್ತದೆ, ಹಾಗಾಗಿ ಕೈಯ ಸಣ್ಣ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಮಕ್ಕಳು ಪರೀಕ್ಷೆಗೆ ಒಯ್ಯೋ ರಟ್ಟಿನ ಪ್ಯಾಡಿಗೆ ಸಿಕ್ಕಿಸಿ ಹಿಡಿಯಿರಿ. ಅಕ್ಷರ ದಪ್ಪಗೆ ಪ್ರಿಂಟ್ ಹಾಕಿಸಿ. ಒಂದು ಹಾಳೆಯಲ್ಲಿ ಹತ್ತು ಹನ್ನೆರಡು ಸಾಲಿಗಿಂತ ಜಾಸ್ತಿ ಬೇಡ. ಸಭೆಯ ಹಿಂದಿನ ಸಂಜೆ ಖಾಲಿ ಖುರ್ಚಿಗಳ ಮುಂದೆ ನಿಂತು ಒಮ್ಮೆ ಗಟ್ಟಿಯಾಗಿ ಓದಿ, ಮೈಕ್ ಹಾಕಿಕೊಂಡೇ. ನಮ್ಮ ದನಿ ಮೈಕಿನಲ್ಲಿ ನಮಗೇ ಬೇರೆ ಯಾರದ್ದೋ ಥರ ಕೇಳುತ್ತದೆ. ಆ ಗಾಬರಿ ಹಿಂದಿನ ದಿನವೇ ಮುಗಿದುಹೋಗಲಿ.

ಎಲ್ಲರೂ ನಿಮ್ಮ ನಡುಕ ನೋಡುತ್ತಿದ್ದಾರೆ ಅನ್ನೋದು ಮಾತ್ರ ಸುಳ್ಳು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಒಂದು ತಮಾಷೆಯ ಪ್ರಯೋಗ ಮಾಡಿದ್ದರು, 2000ದಲ್ಲಿ ಪ್ರಕಟವಾಯಿತು. ಹುಡುಗರಿಗೆ ಮುಜುಗರ ಆಗುವಂಥ ಚಿತ್ರ ಇದ್ದ ಟೀ ಶರ್ಟ್ ಹಾಕಿಸಿ, ಜನ ಕೂತಿದ್ದ ಕೋಣೆಗೆ ಕಳಿಸಿದರು. ಎಷ್ಟು ಜನ ಗಮನಿಸಿದರು ಅಂತ ಕೇಳಿದರೆ, ಸುಮಾರು ಅರ್ಧ ಜನ ಅಂತ ಹಾಕಿಕೊಂಡವರ ಅಂದಾಜು. ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ. ನಿಮ್ಮ ಸಭೆಯಲ್ಲಿ ಅಷ್ಟೂ ಇರಲಾರರು. ಡಿವಿಡೆಂಡ್ ಎಷ್ಟು ಅನ್ನೋ ಸಾಲು ಬರೋತನಕ ಅರ್ಧ ಜನ ಮಳೆ-ಬೆಳೆ ಮಾತಾಡುತ್ತಿರುತ್ತಾರೆ, ಉಳಿದರ್ಧಕ್ಕೆ ಊಟದ ಚಿಂತೆ. ನಾನೂ ಇಂಥ ಸಭೆಗಳಲ್ಲಿ ಕೂತಿದ್ದೇನೆ, ಕಾರ್ಯದರ್ಶಿಯ ಕೈ ಕಡೆ ಒಮ್ಮೆಯೂ ನೋಡಿದ ನೆನಪಿಲ್ಲ.

1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಶುರು ಮಾಡಿದ್ದು ನಿಮ್ಮದೇ ತಾಲೂಕಿನಲ್ಲಿ. ಅಂದಿನಿಂದ ಇಂದಿನವರೆಗೆ ಇಂಥ ಸಂಘಗಳು ನಿಂತಿರೋದು ಭಾಷಣದ ಮೇಲಲ್ಲ, ಒಂದು ಪೈಸೆ ಆಚೀಚೆ ಆಗದಂತೆ ಕಾದವರ ಲೆಕ್ಕದ ಮೇಲೆ. ವರದಿಯ ಕೆಳಗೆ ಸಹಿ ನಿಮ್ಮದೇ ಅಲ್ವಾ? ಓದುವಾಗ ದನಿ ನಡುಗಿದರೆ ಅಂಕಿ ನಡುಗೋದಿಲ್ಲ.

ಒಂದು ಮಾತು ಮಾತ್ರ ಗಂಭೀರವಾಗಿ ಹೇಳುತ್ತೇನೆ. ಸಂಕೋಚ ಬೇರೆ, ಭಯ ಬೇರೆ. ಸಭೆಗೆ ವಾರ ಇರುವಾಗಲೇ ನಿದ್ದೆ ಹೋಗುವುದು, ವಾಂತಿ ಬಂದಂತಾಗುವುದು, ರಜೆ ಹಾಕಿ ತಪ್ಪಿಸಿಕೊಳ್ಳೋಣ ಅನ್ನಿಸುವುದು, ಇದು ವರ್ಷ ವರ್ಷ ಆಗುತ್ತಿದ್ದರೆ ರಟ್ಟಿನ ಪ್ಯಾಡ್ ಸಾಲದು. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ದೂರವಲ್ಲ. ಅಲ್ಲಿತನಕ ಹೋಗಲು ಮನಸ್ಸಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರಕಾರದ್ದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮನೆಯಿಂದ ಕೆಲಸ. ವಿಡಿಯೋ ಮೀಟಿಂಗಿನಲ್ಲಿ ಕ್ಯಾಮೆರಾ ಹಾಕಲೇಬೇಕಾ? ನನ್ನ ಮುಖ ನಾನೇ ನೋಡಿಕೊಂಡು ಕೂರೋದು ಹಿಂಸೆ.
— ಸಪ್ತಾಪುರ, ಧಾರವಾಡ

ಉತ್ತರ: ನಿಮ್ಮ ಮುಖ ನಿಮಗೆ ಕಾಣದಂತೆ ಮರೆಮಾಡೋ ಆಯ್ಕೆ ಈಗ ಇಂಥ ಆ್ಯಪ್‌ಗಳಲ್ಲಿ ಇದೆ, ಮೊಮ್ಮಗಳು ತೋರಿಸಿಕೊಟ್ಟಳು. ಮೊದಲ ಐದು ನಿಮಿಷ ಮತ್ತು ನಿಮ್ಮ ಸರದಿ ಬಂದಾಗ ಕ್ಯಾಮೆರಾ ಹಾಕಿ. ಉಳಿದ ಹೊತ್ತು ಆರಿಸಿಡಲು ಆಫೀಸಿನವರ ಅಡ್ಡಿ ಇಲ್ಲದಿದ್ದರೆ ಆರಿಸಿ, ಆದರೆ ಚಾಟ್‌ನಲ್ಲಿ ಒಂದೆರಡು ಸಾಲು ಬರೆಯುತ್ತಿರಿ. ಅಲ್ಲಿ ಬರೆದದ್ದರ ಪಕ್ಕ ಹೆಸರು ತಾನೇ ಬೀಳುತ್ತದೆ, ನೋಡಿ. ಸಹಿ ಹಾಕೋ ಕೆಲಸವೂ ಉಳಿಯಿತು.

ಪ್ರಶ್ನೆ: ನಂದು ರಾಣೆಬೆನ್ನೂರಿನಲ್ಲಿ ಬಿತ್ತನೆ ಬೀಜದ ವ್ಯಾಪಾರ. ಹನ್ನೆರಡು ಜನ ಕೆಲಸಕ್ಕಿದ್ದಾರೆ. ಅದರಲ್ಲೊಬ್ಬ ಹುಡುಗ ಗುಮ್ಮನಂತೆ ಕೂರುತ್ತಾನೆ. ಕೆಲಸದಲ್ಲಿ ಚುರುಕು. ಆದರೆ ಮೀಟಿಂಗಿನಲ್ಲಿ "ನಿಂದೇನಪಾ ಅಭಿಪ್ರಾಯ" ಅಂತ ಕೇಳಿದರೆ ಮುಖ ಕೆಂಪಗಾಗುತ್ತದೆ. ಹುಟ್ಟುಹಬ್ಬಕ್ಕೆ ಕೇಕ್ ತರಿಸಿದರೆ ರಜೆ ಹಾಕಿದ! ಅವನನ್ನು ಹೇಗೆ ಮುಂದೆ ತರಲಿ?
— ಒಬ್ಬ ಮಾಲೀಕ, ಹಾವೇರಿ ಜಿಲ್ಲೆ

ಉತ್ತರ: ಈ ಪತ್ರ ಬಂದದ್ದು ನನಗೆ ಬಹಳ ಖುಷಿ. ಹುಡುಗನ ಪರವಾಗಿ ಮಾಲೀಕರೇ ಬರೆಯೋದು ಎಲ್ಲಿ ಸಿಗುತ್ತದೆ?

ನೀವು ಎಲ್ಲರ ಮುಂದೆ ದಿಢೀರನೆ ಕೇಳುತ್ತೀರಿ, ಅವನು ಯೋಚಿಸಿ ಹೇಳೋ ಜಾತಿ. ಮೀಟಿಂಗಿನ ಹಿಂದಿನ ದಿನವೇ ಹೇಳಿ: "ನಾಳೆ ಮುಂಗಾರಿನ ಗೋವಿನಜೋಳದ ಬೀಜದ ಸ್ಟಾಕ್ ಬಗ್ಗೆ ಮಾತಾಡ್ತೀವಿ, ನೀನು ಎರಡು ಸಾಲು ಬರ್ಕೊಂಡು ಬಾ." ಇನ್ನೂ ಒಳ್ಳೆಯದೆಂದರೆ ಹನ್ನೆರಡೂ ಜನರ ಕೈಗೆ ಚೀಟಿ ಕೊಟ್ಟು ಮೊದಲ ಐದು ನಿಮಿಷ ಸುಮ್ಮನೆ ಬರೆಯಲು ಹೇಳಿ, ಆಮೇಲೆ ಮಾತು. ಇದು ಬರೀ ಅವನಿಗಾಗಿ ಅಲ್ಲ. 1958ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನೋಡಿದ್ದಾರೆ. ನಾಲ್ವರು ಒಟ್ಟಿಗೆ ಕೂತು ಚರ್ಚಿಸಿದಾಗ ಬಂದ ಉಪಾಯಗಳಿಗಿಂತ, ನಾಲ್ವರು ಬೇರೆ ಬೇರೆ ಕೂತು ಯೋಚಿಸಿ ಕೊಟ್ಟದ್ದನ್ನು ಕೂಡಿಸಿದಾಗ ಜಾಸ್ತಿ ಬಂದವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕಲ್ಲ, ಕಾಯುತ್ತ ಕಾಯುತ್ತ ತಲೆಯಲ್ಲಿದ್ದದ್ದು ಆರಿಹೋಗುತ್ತದೆ. ನಿಮ್ಮಲ್ಲಿ ಯಾವಾಗಲೂ ಮಾತಾಡೋ ಆ ಇಬ್ಬರು, ಇದ್ದೇ ಇರುತ್ತಾರೆ, ಅವರ ಚೀಟಿಯನ್ನೂ ಅವನ ಚೀಟಿಯನ್ನೂ ಪಕ್ಕ ಪಕ್ಕ ಇಟ್ಟು ಓದಿ.

ಚೀಟಿಯ ಮೇಲೆ ಹೆಸರು ಬರೆಸೋದು ಮರೆಯಬೇಡಿ. ಅವನ ಮಾತು ಒಪ್ಪಿಗೆಯಾದರೆ ಯಾರದು ಅಂತ ನೀವೇ ಹೇಳಿ, ಹೊಗಳಿಕೆಯ ಮಾಲೆ ಬೇಡ. "ಇದು ಇವನು ಹೇಳಿದ್ದು, ಸ್ಟಾಕಿನ ವಿಷಯಕ್ಕೆ ಇವನನ್ನ ಕೇಳ್ರಿ" ಅಂದರೆ ಮುಗಿಯಿತು. ನಾಲ್ಕು ಜನ ಅವನ ಟೇಬಲ್ಲಿಗೆ ಒಬ್ಬೊಬ್ಬರೇ ಬಂದು ಕೇಳಲು ಶುರುಮಾಡಿದರೆ ಅವನು ಹೇಗೆ ಮಾತಾಡುತ್ತಾನೆ ನೋಡುವಿರಂತೆ.

ಕೇಕಿನ ವಿಷಯ: ಮುಂದಿನ ವರ್ಷ ಒಂದು ತುಂಡು ಕತ್ತರಿಸಿ ಪ್ಲೇಟಿನಲ್ಲಿಟ್ಟು ಅವನ ಟೇಬಲ್ಲಿಗೆ ಕಳಿಸಿ. ಚಪ್ಪಾಳೆ ಬೇಡ. ಮುಖಕ್ಕೆ ಹಚ್ಚೋದಂತೂ ಬೇಡವೇ ಬೇಡ.